ಕಲ್ಲಿದ್ದಲು ಬೆಸೆದ ನಂಟು

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರು ಮಾಡಿದಾಗ ಅದರ ಕುಲುಮೆಗೆ ಸುರಿದದ್ದು ಕಲ್ಲಿದ್ದಲನ್ನಲ್ಲ, ಮಲೆನಾಡಿನ ಮರ ಸುಟ್ಟು ಮಾಡಿದ ಇದ್ದಿಲನ್ನು. ಕೆಮ್ಮಣ್ಣುಗುಂಡಿಯಲ್ಲಿ ಒಳ್ಳೆಯ ಅದಿರಿತ್ತು. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ. ಅದಿರಿದ್ದ ಮಾತ್ರಕ್ಕೆ ಕಬ್ಬಿಣ ಆಗುವುದಿಲ್ಲ, ಅದನ್ನು ಕರಗಿಸುವ ಇಂಧನ ಎಲ್ಲಿಂದ ತರಬೇಕು ಎಂಬುದೇ ದೊಡ್ಡ ಪ್ರಶ್ನೆ ಎಂದು ನಮ್ಮ ನಾಡಿಗೆ ಆಗಲೇ ಗೊತ್ತಾಗಿತ್ತು. ಯುರೋಪಿನಲ್ಲಿ ಇದೇ ಪ್ರಶ್ನೆ ಎರಡು ದೊಡ್ಡ ದೇಶಗಳ ಗಡಿಯ ಮೇಲೆ ಬಿದ್ದಿತ್ತು. ಫ್ರಾನ್ಸ್ ಮತ್ತು ಜರ್ಮನಿಯ ನಡುವೆ ಮೂರು ತಲೆಮಾರು ಹಗೆ ಹೊಗೆಯಾಡಿದ್ದಕ್ಕೆ ಅದೊಂದೇ ಕಾರಣ ಎನ್ನಲಾಗದು. ಆದರೆ ಆ ಹಗೆ ಮುಗಿದ ದಾರಿ ಮಾತ್ರ ಕಲ್ಲಿದ್ದಲಿನ ಗಣಿಯಿಂದಲೇ ಹೊರಟಿತು.

ಫ್ರಾನ್ಸಿನ ಈಶಾನ್ಯ ಮೂಲೆಯಲ್ಲಿ ಲೊರೇನ್ ಪ್ರಾಂತ್ಯವಿದೆ. ಅಲ್ಲಿನ ನೆಲದಡಿ ಕಬ್ಬಿಣದ ಅದಿರು ಹೇರಳ, ಗುಣ ಮಾತ್ರ ಕಡಿಮೆ. ನೂರು ಕಿಲೊ ಅದಿರಿನಲ್ಲಿ ಸಿಗುವ ಕಬ್ಬಿಣ ಸುಮಾರು ಮೂವತ್ತು ಕಿಲೊ. ಜೊತೆಗೆ ಉಕ್ಕನ್ನು ಪೆಡಸು ಮಾಡುವ ರಂಜಕ ಬೇರೆ. ಲಂಡನ್ನಿನ ಪೊಲೀಸ್ ಕೋರ್ಟಿನಲ್ಲಿ ಗುಮಾಸ್ತನಾಗಿದ್ದ ಸಿಡ್ನಿ ಗಿಲ್‌ಕ್ರಿಸ್ಟ್ ಥಾಮಸ್ ಎಂಬ ಯುವಕ 1878ರ ಸುಮಾರಿಗೆ ರಂಜಕ ತೆಗೆಯುವ ವಿಧಾನ ಕಂಡುಹಿಡಿದ ಮೇಲೆ ಆ ಅದಿರಿಗೆ ಬೆಲೆ ಬಂತು. ಅದನ್ನು ಕರಗಿಸಲು ಕೋಕ್ ಬೇಕು. ಗಾಳಿಯಾಡದ ಗೂಡಿನಲ್ಲಿ ಕಾಯಿಸಿ, ಅನಿಲವನ್ನೂ ಡಾಂಬರನ್ನೂ ಕಳೆದ ಕಲ್ಲಿದ್ದಲೇ ಕೋಕ್. ಊದುಕುಲುಮೆಯಲ್ಲಿ ಅದು ಉರಿಯಬೇಕು, ಅದಿರಿನೊಳಗಿನ ಆಮ್ಲಜನಕ ಕಳಚಬೇಕು, ಮೇಲಿನಿಂದ ಬೀಳುವ ಅದಿರು, ಸುಣ್ಣದಕಲ್ಲಿನ ಭಾರಕ್ಕೆ ಪುಡಿಯಾಗದೆ ನಿಲ್ಲಬೇಕು. ಪುಡಿಯಾದರೆ ಗಾಳಿಯ ದಾರಿ ಕಟ್ಟಿ ಕುಲುಮೆಯೇ ಕೆಡುತ್ತದೆ. ಅಂಥ ಗಟ್ಟಿ ಕೋಕ್ ಲೊರೇನ್‌ನ ಕಲ್ಲಿದ್ದಲಿನಿಂದ ಬರುತ್ತಿರಲಿಲ್ಲ, ಪಕ್ಕದ ಸಾರ್ ಪ್ರದೇಶದ ಕಲ್ಲಿದ್ದಲಿನಿಂದಲೂ ಸರಿಯಾಗಿ ಬರುತ್ತಿರಲಿಲ್ಲ. ಅದಕ್ಕೆ ತಕ್ಕ ಕಲ್ಲಿದ್ದಲು ಇದ್ದದ್ದು ಜರ್ಮನಿಯ ರೂರ್ ಕಣಿವೆಯಲ್ಲಿ.

ಅದಿರು ಇಲ್ಲಿ, ಕೋಕ್ ಅಲ್ಲಿ. ನಡುವೆ ಒಂದು ಗಡಿ. ಆ ಗಡಿಯಾದರೂ ನಿಂತಲ್ಲಿ ನಿಂತಿತೇ? 1870–71ರ ಯುದ್ಧದಲ್ಲಿ ಗೆದ್ದ ಜರ್ಮನ್ನರು ಅಲ್ಸಾಸ್ ಪ್ರಾಂತ್ಯವನ್ನೂ ಲೊರೇನ್‌ನ ಒಂದು ಭಾಗವನ್ನೂ ಕಿತ್ತುಕೊಂಡರು. ಮೊದಲನೇ ಮಹಾಯುದ್ಧ ಮುಗಿದಾಗ ಫ್ರಾನ್ಸ್ ಮರಳಿ ಪಡೆಯಿತು. 1940ರಲ್ಲಿ ಹಿಟ್ಲರ್ ಮತ್ತೆ ಕಸಿದ. ಅವನ ಸೇನೆ ಸೋತಾಗ ಮತ್ತೆ ಫ್ರಾನ್ಸಿಗೆ ಬಂತು. 1870ರ ಮೊದಲಲ್ಲಿ ಮೆಟ್ಸ್ ನಗರದಲ್ಲಿ ಹುಟ್ಟಿ, ಊರು ಬಿಡದೆ ಎಪ್ಪತ್ತೈದು ವರ್ಷ ಬದುಕಿದ ಒಬ್ಬ ಮುದುಕಿಯನ್ನು ಕಲ್ಪಿಸಿಕೊಳ್ಳಿ. ಮನೆ ಬದಲಿಸದ ಆಕೆಯ ದೇಶ ನಾಲ್ಕು ಸಲ ಬದಲಾಗಿತ್ತು.

ಅವಮಾನಕ್ಕೆ ಅವಮಾನ ತೀರಿಸುವುದು ಎರಡೂ ಕಡೆಯವರಿಗೆ ವ್ರತದಂತಾಗಿತ್ತು. 1871ರ ಜನವರಿಯಲ್ಲಿ ಜರ್ಮನ್ ಸಾಮ್ರಾಜ್ಯದ ಘೋಷಣೆ ನಡೆದದ್ದು ಬರ್ಲಿನ್‌ನಲ್ಲಲ್ಲ, ಸೋತ ಫ್ರಾನ್ಸಿನ ವರ್ಸೇಲ್ಸ್ ಅರಮನೆಯ ಕನ್ನಡಿ ಸಭಾಂಗಣದಲ್ಲಿ. 1919ರಲ್ಲಿ ಸೋತ ಜರ್ಮನಿ ಸಹಿ ಹಾಕಬೇಕಾಗಿ ಬಂದದ್ದೂ ಅದೇ ಸಭಾಂಗಣದಲ್ಲಿ. 1918ರ ನವೆಂಬರ್ 11ರಂದು ಕಾಂಪಿಯೇನ್ ಕಾಡಿನಲ್ಲಿ ಯಾವ ರೈಲು ಬೋಗಿಯೊಳಗೆ ಕದನವಿರಾಮಕ್ಕೆ ಜರ್ಮನ್ನರು ಸಹಿ ಹಾಕಿದ್ದರೋ ಅದೇ ಬೋಗಿಯನ್ನು 1940ರ ಜೂನ್‌ನಲ್ಲಿ ಹಿಟ್ಲರ್ ವಸ್ತುಸಂಗ್ರಹಾಲಯದಿಂದ ಹೊರಗೆಳೆಸಿ, ಅದೇ ಜಾಗದಲ್ಲಿ ನಿಲ್ಲಿಸಿ, ಫ್ರೆಂಚರಿಂದ ಕದನವಿರಾಮಕ್ಕೆ ಸಹಿ ಹಾಕಿಸಿದ.

ಕಲ್ಲಿದ್ದಲನ್ನು ಬಲವಂತದಿಂದ ಪಡೆಯುವ ಪ್ರಯೋಗವೂ ಆಗಿಹೋಗಿತ್ತು. ಯುದ್ಧಪರಿಹಾರದ ಬಾಬ್ತು ಕೊಡಬೇಕಾದ ಕಲ್ಲಿದ್ದಲು, ಮರಮುಟ್ಟು ಬಂದಿಲ್ಲ ಎಂದು 1923ರ ಜನವರಿಯಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂ ಸೈನಿಕರು ರೂರ್ ಕಣಿವೆಗೆ ನುಗ್ಗಿದರು. ಗಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು, ರೈಲ್ವೆಯವರು ಗಾಡಿ ಓಡಿಸಲಿಲ್ಲ. ಕೈಕಟ್ಟಿ ಕೂತ ಕಾರ್ಮಿಕರ ಕೂಲಿಗಾಗಿ ಜರ್ಮನ್ ಸರ್ಕಾರ ನೋಟು ಮುದ್ರಿಸುತ್ತಲೇ ಹೋಯಿತು. ಆ ವರ್ಷದ ನವೆಂಬರ್‌ನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್. ಜನರ ಉಳಿತಾಯವೆಲ್ಲ ಕಸವಾಯಿತು, ಆ ಕಹಿಯನ್ನು ಮುಂದೆ ನಾಜಿಗಳು ಚೆನ್ನಾಗಿ ಬಳಸಿಕೊಂಡರು. ಎರಡೂವರೆ ವರ್ಷದಲ್ಲಿ ಫ್ರೆಂಚ್ ಸೇನೆ ಹಿಂತಿರುಗಿತು. ಬಂದೂಕು ಹಿಡಿದು ನಿಂತವನು ಗಣಿಯನ್ನು ಕಾಯಬಲ್ಲ, ಗಣಿಯೊಳಗಿಂದ ಕಲ್ಲಿದ್ದಲು ತೆಗೆಸಲಾರ ಎಂದು ಆಗಲೇ ಫ್ರಾನ್ಸಿಗೆ ಅರ್ಥವಾಗಬೇಕಿತ್ತು. ಆಗಲಿಲ್ಲ.

1945ರ ನಂತರವೂ ಅದರ ಮೊದಲ ಯೋಚನೆ ಹಳೆಯದೇ. ರೂರ್ ಕಣಿವೆ ಅಂತರರಾಷ್ಟ್ರೀಯ ಹಿಡಿತದಲ್ಲಿರಬೇಕು, ಸಾರ್ ಪ್ರದೇಶ ಜರ್ಮನಿಯಿಂದ ಬೇರೆಯಾಗಬೇಕು, ರೈನ್ ದಂಡೆ ಜರ್ಮನ್ನರ ಕೈಲಿರಬಾರದು ಎಂಬುದು ಫ್ರಾನ್ಸಿನ ಅಂದಿನ ನಾಯಕ ಚಾರ್ಲ್ಸ್ ಡಿ ಗಾಲ್ ಅವರ ಪಟ್ಟು. ಇದನ್ನು ಬರೀ ಸೇಡು ಎಂದು ತಳ್ಳಿಹಾಕುವುದು ಅನ್ಯಾಯ. ಎಪ್ಪತ್ತು ವರ್ಷದಲ್ಲಿ ಮೂರು ಬಾರಿ ಮನೆಗೆ ನುಗ್ಗಿದ ನೆರೆಯವನ ಬಗ್ಗೆ ಭಯ ಸಹಜ. ಆ ಭಯದ ಪಕ್ಕದಲ್ಲೇ ಇನ್ನೊಂದು ಅಗತ್ಯವಿತ್ತು. ಯುದ್ಧದಲ್ಲಿ ಹಾಳಾದ ಫ್ರಾನ್ಸನ್ನು ಮತ್ತೆ ಕಟ್ಟಲು ಜಾನ್ ಮೊನೆ ಎಂಬ ಅಧಿಕಾರಿ ಸಿದ್ಧಪಡಿಸಿದ ಯೋಜನೆ ನಿಂತಿದ್ದೇ ಉಕ್ಕಿನ ಮೇಲೆ. ಉಕ್ಕು ನಿಂತಿದ್ದು ರೂರ್ ಕೋಕ್ ಮೇಲೆ. ಜರ್ಮನಿ ಬಡವಾಗಿಯೇ ಉಳಿಯಬೇಕು, ಆದರೆ ಅದರ ಗಣಿಗಳು ಭರ್ತಿ ಕೆಲಸ ಮಾಡಬೇಕು ಎಂಬ ಬಯಕೆ ಎಷ್ಟು ದಿನ ನಡೆದೀತು?

ಅಷ್ಟರಲ್ಲಿ ಜಗತ್ತಿನ ಲೆಕ್ಕಾಚಾರವೇ ಬದಲಾಯಿತು. ಸೋವಿಯತ್ ಸೇನೆ ಜರ್ಮನಿಯ ಪೂರ್ವಾರ್ಧದಲ್ಲಿ ಬೀಡುಬಿಟ್ಟಿತ್ತು. 1949ರಲ್ಲಿ ಪಶ್ಚಿಮ ಜರ್ಮನಿ ಎಂಬ ಹೊಸ ರಾಷ್ಟ್ರ ಹುಟ್ಟಿತು. ವರ್ಷಕ್ಕೆ 1.11 ಕೋಟಿ ಟನ್‌ಗಿಂತ ಹೆಚ್ಚು ಉಕ್ಕು ಮಾಡಬಾರದೆಂದು ಗೆದ್ದವರು ಅದಕ್ಕೆ ಕಟ್ಟು ಹಾಕಿದ್ದರು. ಅಮೆರಿಕಕ್ಕೆ ಆ ಕಟ್ಟು ಸಡಿಲಿಸುವ ಆತುರ. ಯುರೋಪ್ ಎದ್ದು ನಿಲ್ಲಬೇಕಾದರೆ ಜರ್ಮನಿಯ ಕುಲುಮೆಗಳು ಉರಿಯಲೇಬೇಕು ಎಂಬುದು ವಾಷಿಂಗ್ಟನ್ನಿನ ನಿಲುವು. ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಡೀನ್ ಅಚೆಸನ್, ಜರ್ಮನಿಯ ವಿಚಾರದಲ್ಲಿ ದಾರಿ ತೋರಿಸುವ ಹೊಣೆಯನ್ನು ಫ್ರಾನ್ಸೇ ಹೊರಬೇಕೆಂದು ವಿದೇಶಾಂಗ ಸಚಿವ ರಾಬರ್ಟ್ ಶೂಮನ್ ಅವರಿಗೆ ಹೇಳಿದ್ದರು. 1950ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಮೂರು ದೇಶಗಳ ವಿದೇಶಾಂಗ ಸಚಿವರ ಸಭೆ ನಿಗದಿಯಾಗಿತ್ತು. ಫ್ರಾನ್ಸ್ ಅಲ್ಲಿಗೆ ‘ಬೇಡ’ ಎಂದಷ್ಟೇ ಹೇಳಲು ಹೋದರೆ ಒಬ್ಬಂಟಿಯಾಗುವುದು ಖಚಿತವಿತ್ತು.

ಮೂವರು ಗಡಿನಾಡಿಗರು

ಮೊನೆ ಯಾವ ಚುನಾವಣೆಗೂ ನಿಂತವರಲ್ಲ. ಕೊನ್ಯಾಕ್ ಊರಿನ ಬ್ರಾಂಡಿ ವ್ಯಾಪಾರದ ಮನೆತನ. ಮೊದಲನೇ ಮಹಾಯುದ್ಧದಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ತಮ್ಮ ತಮ್ಮ ಹಡಗುಗಳನ್ನು ಬೇರೆ ಬೇರೆ ಓಡಿಸಿ ನಷ್ಟಪಡುವುದನ್ನು ಕಂಡು, ಹಡಗುಗಳನ್ನೂ ಸರಕನ್ನೂ ಒಟ್ಟಿಗೆ ನಿರ್ವಹಿಸುವ ಸಮಿತಿಗಳಲ್ಲಿ ದುಡಿದಿದ್ದರು. ಎರಡು ಸರ್ಕಾರಗಳು ಎದುರುಬದುರು ಕೂತು ಚೌಕಾಸಿ ಮಾಡುವುದಕ್ಕೂ, ಇಬ್ಬರೂ ಒಂದೇ ಬದಿಯಲ್ಲಿ ಕೂತು ಎದುರಿಗಿರುವ ಸಮಸ್ಯೆಯನ್ನು ನೋಡುವುದಕ್ಕೂ ಇರುವ ವ್ಯತ್ಯಾಸ ಅವರಿಗೆ ಕೆಲಸದಲ್ಲೇ ತಿಳಿದಿತ್ತು. 1950ರ ಏಪ್ರಿಲ್‌ನಲ್ಲಿ ಅವರು ಕೆಲವೇ ಸಹೋದ್ಯೋಗಿಗಳ ಜೊತೆ ಗುಟ್ಟಾಗಿ ಒಂದು ಕರಡು ಬರೆದು, ತಿದ್ದಿ, ಮತ್ತೆ ಬರೆದರು. ಫ್ರಾನ್ಸ್ ಮತ್ತು ಜರ್ಮನಿಯ ಕಲ್ಲಿದ್ದಲು ಹಾಗೂ ಉಕ್ಕಿನ ಉತ್ಪಾದನೆಯನ್ನು ಇಡಿಯಾಗಿ ಎರಡೂ ಸರ್ಕಾರಗಳಿಗೆ ಮೀರಿದ ಒಂದು ಪ್ರಾಧಿಕಾರದ ಕೈಗೆ ಒಪ್ಪಿಸುವುದು, ಸೇರಬಯಸುವ ಬೇರೆ ದೇಶಗಳಿಗೂ ಬಾಗಿಲು ತೆರೆದಿಡುವುದು ಆ ಕರಡಿನ ತಿರುಳು. ಫಿರಂಗಿಯೂ ಟ್ಯಾಂಕೂ ಉಕ್ಕಿನಿಂದಲೇ ಆಗಬೇಕು. ಇಬ್ಬರ ಉಕ್ಕೂ ಒಂದೇ ಲೆಕ್ಕದ ಪುಸ್ತಕದಲ್ಲಿದ್ದರೆ ಒಬ್ಬನು ಇನ್ನೊಬ್ಬನಿಗೆ ತಿಳಿಯದಂತೆ ಯುದ್ಧಕ್ಕೆ ಸಿದ್ಧನಾಗುವುದು ಸಾಧ್ಯವೇ ಇಲ್ಲ.

ಕರಡನ್ನು ಶೂಮನ್ ವಾರಾಂತ್ಯಕ್ಕೆ ಮೆಟ್ಸ್ ಬಳಿಯ ತಮ್ಮ ಮನೆಗೆ ಕೊಂಡೊಯ್ದು ಓದಿ, ಸೋಮವಾರ ಪ್ಯಾರಿಸ್ಸಿನಲ್ಲಿ ರೈಲಿಳಿಯುತ್ತಲೇ ಒಪ್ಪಿಗೆ ಕೊಟ್ಟರು. ಈ ಮನುಷ್ಯನ ಬದುಕನ್ನು ಸ್ವಲ್ಪ ನೋಡಬೇಕು. ತಂದೆ ಲೊರೇನ್‌ನವರು, ಶೂಮನ್ ಹುಟ್ಟಿದ್ದು ಲಕ್ಸೆಂಬರ್ಗ್‌ನಲ್ಲಿ, ಹುಟ್ಟಿನಿಂದ ಜರ್ಮನ್ ಪ್ರಜೆ. ಓದಿದ್ದು ಬಾನ್, ಮ್ಯೂನಿಕ್, ಬರ್ಲಿನ್, ಸ್ಟ್ರಾಸ್‌ಬರ್ಗ್‌ನಲ್ಲಿ. ಲೊರೇನ್ ಮತ್ತೆ ಫ್ರಾನ್ಸಿಗೆ ಸೇರಿದಾಗ ಫ್ರೆಂಚ್ ಸಂಸತ್ತಿಗೆ ಆಯ್ಕೆಯಾದರು. 1940ರಲ್ಲಿ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಅವರನ್ನು ಬಂಧಿಸಿತು, 1942ರಲ್ಲಿ ತಪ್ಪಿಸಿಕೊಂಡರು. ಅತ್ತ ಜರ್ಮನಿಯ ಚಾನ್ಸಲರ್ ಕೊನ್ರಾಡ್ ಅಡೆನಾವರ್ ರೈನ್ ದಂಡೆಯ ಕಲೋನ್ ನಗರದವರು, ನಾಜಿಗಳು ಮೇಯರ್ ಹುದ್ದೆಯಿಂದ ಇಳಿಸಿದ್ದ 74ರ ಹಿರಿಯ. ಮುಂದೆ ಈ ಯೋಜನೆಗೆ ಸೇರಿದ ಇಟಲಿಯ ಪ್ರಧಾನಿ ಅಲ್ಚಿಡೆ ಡಿ ಗ್ಯಾಸ್ಪೆರಿ ಹುಟ್ಟಿದ್ದು ಆಗ ಆಸ್ಟ್ರಿಯಾಕ್ಕೆ ಸೇರಿದ್ದ ಟ್ರೆಂಟೊ ಸೀಮೆಯಲ್ಲಿ. ಮೂವರೂ ಜರ್ಮನ್ ಭಾಷೆಯಲ್ಲೇ ಪರಸ್ಪರ ಮಾತಾಡಬಲ್ಲವರು, ಮೂವರೂ ಕ್ಯಾಥೊಲಿಕರು. ಗಡಿ ಎಂದರೆ ಏನೆಂದು ನಕ್ಷೆ ನೋಡಿ ಕಲಿಯಬೇಕಾದ ಅಗತ್ಯ ಅವರಿಗಿರಲಿಲ್ಲ.

1950ರ ಮೇ 9ರ ಬೆಳಿಗ್ಗೆ ಪ್ಯಾರಿಸ್ಸಿನಲ್ಲಿ ಸಚಿವ ಸಂಪುಟದ ಸಭೆ, ಬಾನ್‌ನಲ್ಲೂ ಸಂಪುಟದ ಸಭೆ. ಶೂಮನ್ ಅವರ ಪತ್ರ ಹಿಡಿದ ದೂತ ಬಾನ್‌ನಲ್ಲಿ ಕಾಯುತ್ತಿದ್ದ. ಪತ್ರ ಓದಿದ ಅಡೆನಾವರ್ ತಡಮಾಡದೆ ಒಪ್ಪಿದರು. ಆ ಒಪ್ಪಿಗೆ ಕೈಗೆ ಸಿಕ್ಕ ಮೇಲೆಯೇ ಪ್ಯಾರಿಸ್ಸಿನಲ್ಲಿ ವಿಷಯ ಸಂಪುಟದ ಮುಂದೆ ಬಂತು. ಸಂಜೆ ವಿದೇಶಾಂಗ ಕಚೇರಿಯ ಗಡಿಯಾರದ ಸಭಾಂಗಣದಲ್ಲಿ ಶೂಮನ್ ಪತ್ರಕರ್ತರ ಮುಂದೆ ಘೋಷಣೆ ಓದಿದರು. ಎಲ್ಲವೂ ಎಷ್ಟು ಅವಸರದಲ್ಲಿ ನಡೆಯಿತೆಂದರೆ, ಛಾಯಾಗ್ರಾಹಕರನ್ನು ಕರೆಯುವುದೇ ತಪ್ಪಿಹೋಗಿ, ಆಮೇಲೆ ಫೋಟೊಕ್ಕಾಗಿ ಆ ಸನ್ನಿವೇಶವನ್ನು ಮತ್ತೊಮ್ಮೆ ನಡೆಸಬೇಕಾಯಿತು.

ಯಾರು ಯಾಕೆ ಒಪ್ಪಿದರು? ಫ್ರಾನ್ಸಿಗೆ ಕೋಕ್ ಬೇಕಿತ್ತು, ರೂರ್ ಮೇಲಿನ ಹಿಡಿತ ಹೇಗೂ ಕೈಜಾರುತ್ತಿತ್ತು. ಹೊರಗೆ ನಿಂತು ಕಾವಲು ಕಾಯುವ ಬದಲು ಒಳಗೆ ಕೂತು ಪಾಲು ಪಡೆಯುವುದೇ ಮೇಲು. ಜರ್ಮನಿಗೆ ಮರ್ಯಾದೆ ಬೇಕಿತ್ತು. ಸೋತವನಾಗಿ ಅಲ್ಲ, ಸಮಾನನಾಗಿ ಮೇಜಿನ ಮುಂದೆ ಕೂರುವ ಅವಕಾಶ ಐದೇ ವರ್ಷದಲ್ಲಿ ಸಿಗುತ್ತದೆಂದು ಅಡೆನಾವರ್ ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ. ಫ್ರಾನ್ಸ್ ಬಯಸಿದ್ದು ಭದ್ರತೆ, ಜರ್ಮನಿ ಬಯಸಿದ್ದು ಬಿಡುಗಡೆ. ಇಬ್ಬರ ಹಿತವೂ ಒಂದೇ ಆಗಿರಲಿಲ್ಲ. ಒಂದೇ ಕಾಗದದಲ್ಲಿ ಎರಡಕ್ಕೂ ಜಾಗ ಸಿಕ್ಕಿತು. ಜನರ ಮನಸ್ಸಿನಲ್ಲಿ ಆಗಿನ್ನೂ ಪ್ರೀತಿಯ ಸುಳಿವಿರಲಿಲ್ಲ. ಫ್ರಾನ್ಸಿನ ಕಮ್ಯುನಿಸ್ಟರೂ ಡಿ ಗಾಲ್ ಬೆಂಬಲಿಗರೂ ವಿರೋಧಿಸಿದರು, ಉಕ್ಕಿನ ಮಾಲೀಕರು ಕೂಗಾಡಿದರು. ಜರ್ಮನಿಯಲ್ಲಿ ಸೋಷಿಯಲ್ ಡೆಮಾಕ್ರಟಿಕ್ ನಾಯಕ ಕುರ್ಟ್ ಶೂಮಾಕರ್ ಕಟು ವಿರೋಧಿ. ಬ್ರಿಟನ್ ತನ್ನ ಗಣಿಗಳನ್ನು ಹೊರಗಿನವರ ಕೈಗೆ ಕೊಡುವುದಿಲ್ಲವೆಂದು ದೂರವೇ ಉಳಿಯಿತು.

1951ರ ಏಪ್ರಿಲ್ 18ರಂದು ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್‌ಲೆಂಡ್ಸ್, ಲಕ್ಸೆಂಬರ್ಗ್ ಪ್ಯಾರಿಸ್ಸಿನಲ್ಲಿ ಸಹಿ ಹಾಕಿದವು. ಯುರೋಪಿಯನ್ ಕಲ್ಲಿದ್ದಲು ಮತ್ತು ಉಕ್ಕು ಸಮುದಾಯ ಹುಟ್ಟಿತು.

ಒಂದು ವ್ಯಾಗನ್‌ನ ಪ್ರಯಾಣ

ಒಪ್ಪಂದ ಹೇಗೆ ಕೆಲಸ ಮಾಡಿತು ಎಂದು ತಿಳಿಯಲು ರೂರ್‌ನಿಂದ ಲೊರೇನ್‌ಗೆ ಹೊರಟ ಒಂದು ರೈಲು ವ್ಯಾಗನ್ ಕೋಕ್ ಹಿಂದೆ ಹೋಗೋಣ. ಮೊದಲು ಅದರ ಬೆಲೆ. ಜರ್ಮನ್ ಕಾರ್ಖಾನೆಗೆ ಒಂದು ದರ, ರಫ್ತಿಗೆ ಅದಕ್ಕಿಂತ ಹೆಚ್ಚಿನ ದರ. ಇನ್ನು ಸಾಗಣೆ. ರೈಲ್ವೆಯಲ್ಲಿ ದೂರ ಹೆಚ್ಚಿದಷ್ಟೂ ಕಿಲೊಮೀಟರಿಗೆ ಬೀಳುವ ದರ ಇಳಿಯುತ್ತದೆ. ಗಡಿ ದಾಟಿದ ಕೂಡಲೇ ಇದೆಲ್ಲ ಹೊಸದಾಗಿ ಶುರು: ಅಲ್ಲಿಗೆ ಒಂದು ಪ್ರಯಾಣ ಮುಗಿಯಿತು, ಇಲ್ಲಿಂದ ಬೇರೊಂದು ಪ್ರಯಾಣ ಎಂಬ ಲೆಕ್ಕ. ವ್ಯಾಗನ್ ಅದೇ, ಕೋಕ್ ಅದೇ, ಹಳಿಯೂ ಮುರಿದಿಲ್ಲ. ಆದರೂ ದರ ಮತ್ತೆ ಮೊದಲಿನ ಹೆಚ್ಚಿನ ಮಟ್ಟಕ್ಕೆ ಏರುತ್ತಿತ್ತು, ನಿಲ್ದಾಣದ ಖರ್ಚು ಎರಡೆರಡು ಸಲ ಸೇರುತ್ತಿತ್ತು. ಅಷ್ಟೇ ದೂರದ ದೇಶದೊಳಗಿನ ಊರಿಗೆ ಬೀಳುವುದಕ್ಕಿಂತ ಎಷ್ಟೋ ಹೆಚ್ಚು ಹಣ ಲೊರೇನ್‌ನ ಉಕ್ಕಿನ ಕಾರ್ಖಾನೆ ತೆರಬೇಕಿತ್ತು.

ಹೊಸ ಒಪ್ಪಂದ ಇದನ್ನೆಲ್ಲ ಒಂದೊಂದಾಗಿ ಕಿತ್ತಿತು. 1953ರ ಫೆಬ್ರುವರಿಯಲ್ಲಿ ಕಲ್ಲಿದ್ದಲಿಗೆ, ಮೇ ತಿಂಗಳಲ್ಲಿ ಉಕ್ಕಿಗೆ ಆರೂ ದೇಶಗಳ ಸಮಾನ ಮಾರುಕಟ್ಟೆ ತೆರೆಯಿತು. ಸುಂಕ ಹೋಯಿತು, ದೇಶ ನೋಡಿ ಬೆಲೆ ಕಟ್ಟುವುದು ನಿಷಿದ್ಧವಾಯಿತು. 1955ರಲ್ಲಿ ರೈಲ್ವೆಗಳು ಗಡಿಯಾಚೆಗೂ ಒಂದೇ ಪ್ರಯಾಣದ ದರ ಹಾಕಲು ಒಪ್ಪಿದವು. ಲಕ್ಸೆಂಬರ್ಗ್‌ನಲ್ಲಿ ಕೂತ ಉನ್ನತ ಪ್ರಾಧಿಕಾರದಲ್ಲಿ ಒಂಬತ್ತು ಸದಸ್ಯರು. ತಮ್ಮ ತಮ್ಮ ಸರ್ಕಾರದ ಆದೇಶಕ್ಕೆ ತಲೆಬಾಗುವುದಿಲ್ಲ ಎಂಬ ಷರತ್ತಿನ ಮೇಲೆ ನೇಮಕ. ಮೊದಲ ಅಧ್ಯಕ್ಷ ಮೊನೆ. ಅವರ ಖರ್ಚಿಗೆ ಸರ್ಕಾರಗಳ ಮುಂದೆ ಕೈಯೊಡ್ಡುವ ಹಾಗಿರಲಿಲ್ಲ. ಗಣಿ ಮತ್ತು ಉಕ್ಕಿನ ಕಂಪನಿಗಳಿಂದ ಉತ್ಪಾದನೆಯ ಮೌಲ್ಯದ ಗರಿಷ್ಠ ಶೇ 1ರಷ್ಟನ್ನು ನೇರವಾಗಿ ವಸೂಲು ಮಾಡುವ ಅಧಿಕಾರವಿತ್ತು. ಮೇಲೊಂದು ನ್ಯಾಯಾಲಯ, ಒಂದು ಸಂಸದೀಯ ಸಭೆ. ಕಂಪನಿಯೊಂದು ಪ್ರಾಧಿಕಾರದ ವಿರುದ್ಧವೇ ದಾವೆ ಹೂಡಬಹುದಿತ್ತು.

ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಇನ್ನೊಂದು ಕಲಮು. ಗಡಿ ತೆರೆದಾಗ ಹಳೆಯ ಗಣಿಗಳು ಮುಚ್ಚುತ್ತವೆ, ಕೂಲಿಯವರು ಬೀದಿಗೆ ಬೀಳುತ್ತಾರೆ ಎಂದು ಒಪ್ಪಂದ ಬರೆದವರಿಗೆ ಮೊದಲೇ ತಿಳಿದಿತ್ತು. ಕೆಲಸ ಕಳೆದುಕೊಂಡವರಿಗೆ ಮಧ್ಯಂತರ ಭತ್ಯೆ, ಬೇರೆ ಕಸುಬಿನ ತರಬೇತಿ, ಊರು ಬಿಡಬೇಕಾದರೆ ಅದರ ಖರ್ಚು, ಇವೆಲ್ಲಕ್ಕೂ ಪ್ರಾಧಿಕಾರದ ನಿಧಿಯಿಂದ ಹಣ ಹೋಯಿತು. ಗಣಿ ಕಾರ್ಮಿಕರಿಗೆ ಸಾವಿರಾರು ಮನೆಗಳು ಎದ್ದವು. ಎರಡು ದೇಶಗಳ ಹಿತ ಕೂಡಿತು ಎಂದು ದೊಡ್ಡವರು ಹೇಳುವಾಗ ಆ ಹಿತದ ಬೆಲೆ ತೆರುವವನು ಯಾವನೋ ಒಬ್ಬ ಗಣಿ ಕೂಲಿ. ಅವನನ್ನು ಮರೆತಿದ್ದರೆ ಈ ಒಪ್ಪಂದ ಮೊದಲ ಚುನಾವಣೆಯಲ್ಲೇ ಮುರಿದು ಬೀಳುತ್ತಿತ್ತು. ಹಾಗೆಂದು ಅವನ ಬದುಕು ಹಸನಾಯಿತು ಎಂದಲ್ಲ. 1956ರ ಆಗಸ್ಟ್ 8ರಂದು ಬೆಲ್ಜಿಯಂನ ಮಾರ್ಸಿನೆಲ್ ಗಣಿಯ ಬೆಂಕಿಯಲ್ಲಿ 262 ಮಂದಿ ಸತ್ತರು. ಅವರಲ್ಲಿ 136 ಮಂದಿ ಕೂಲಿ ಅರಸಿ ಬಂದ ಇಟಲಿಯವರು.

ನಮ್ಮ ನೆಲದ ಮೈತ್ರಿಗಳು

ಶತ್ರುವಿನ ಶತ್ರು ಮಿತ್ರ ಎಂಬ ಲೆಕ್ಕ ನಮಗೆ ಕೌಟಿಲ್ಯನ ಕಾಲದಿಂದ ಗೊತ್ತು. ದಖ್ಖನ್ನಿನ ಇತಿಹಾಸದಲ್ಲಿ ಅದು ಮತ್ತೆ ಮತ್ತೆ ನಡೆದಿದೆ. ಫ್ರಾನ್ಸ್–ಜರ್ಮನಿಯ ಕಥೆಯ ಹೆಚ್ಚುಗಾರಿಕೆ ಅದರ ಪಕ್ಕದಲ್ಲಿಟ್ಟರೆ ಎದ್ದು ಕಾಣುತ್ತದೆ.

1565ರ ರಕ್ಕಸತಂಗಡಿ ಕದನವನ್ನೇ ತೆಗೆದುಕೊಳ್ಳಿ. ವಿಜಯನಗರದ ರಾಮರಾಯನ ವಿರುದ್ಧ ಒಂದಾದ ಸುಲ್ತಾನರು ಅದಕ್ಕೆ ಮುಂಚೆ ಪರಸ್ಪರ ಕಚ್ಚಾಡಿದವರು, ರಾಮರಾಯನ ನೆರವನ್ನೂ ಪಡೆದವರು. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾ ಪಟ್ಟಕ್ಕೆ ಬರುವ ಮುನ್ನ ವರ್ಷಗಟ್ಟಲೆ ವಿಜಯನಗರದಲ್ಲೇ ಆಶ್ರಯ ಪಡೆದಿದ್ದ. ಬಿಜಾಪುರದ ಅಲಿ ಆದಿಲ್ ಶಾ ಅಹ್ಮದ್‌ನಗರದ ಮೇಲೆ ದಂಡೆತ್ತಿ ಹೋದಾಗ ಜೊತೆಗಿದ್ದುದೇ ರಾಮರಾಯ. ವಿಜಯನಗರದ ಬಲ ಕೈಮೀರುತ್ತಿದೆ ಎನಿಸಿದಾಗ ಲೆಕ್ಕ ತಿರುಗಿತು. ಬೀಗತನದಿಂದ ಮೈತ್ರಿ ಬಿಗಿದರು. ಅಹ್ಮದ್‌ನಗರದ ಚಾಂದ್ ಬೀಬಿ ಅಲಿ ಆದಿಲ್ ಶಾನನ್ನು ಮದುವೆಯಾದಳು, ಎರಡೂ ರಾಜ್ಯಗಳು ಬಡಿದಾಡುತ್ತಿದ್ದ ಸೊಲ್ಲಾಪುರದ ಕೋಟೆ ಬಳುವಳಿಯಾಗಿ ಬಂತು. ಕೃಷ್ಣೆಯ ದಂಡೆಯಲ್ಲಿ ರಾಮರಾಯನ ತಲೆ ಉರುಳಿತು, ರಾಜಧಾನಿ ಹಾಳಾಯಿತು. ಆಮೇಲೆ? ಒಂದುಗೂಡಿಸಿದ ಭಯ ಹೋದ ಮೇಲೆ ಒಂದಾಗಿರಲು ಕಾರಣವೂ ಹೋಯಿತು. ಕೆಲವೇ ವರ್ಷಗಳಲ್ಲಿ ಹಳೆಯ ಜಗಳ ಶುರು. ಅಹ್ಮದ್‌ನಗರ ಬೇರಾರನ್ನು ನುಂಗಿತು, ಬಿಜಾಪುರ ಬೀದರನ್ನು ನುಂಗಿತು, ಕೊನೆಗೆ ಉಳಿದವರನ್ನೆಲ್ಲ ಮೊಘಲರು ನುಂಗಿದರು. 1686ರಲ್ಲಿ ಬಿಜಾಪುರ, 1687ರಲ್ಲಿ ಗೋಲ್ಕೊಂಡ.

ಇನ್ನೂರು ವರ್ಷದ ನಂತರದ ಕಥೆ ಇದಕ್ಕಿಂತ ನೋವಿನದು. 1771ರಲ್ಲಿ ಮೇಲುಕೋಟೆ ಬಳಿಯ ಚಿನಕುರಳಿಯಲ್ಲಿ ಮರಾಠರು ಹೈದರ್ ಅಲಿಯ ಸೇನೆಯನ್ನು ಧೂಳೀಪಟ ಮಾಡಿದ್ದರು. ಒಂಬತ್ತು ವರ್ಷದ ಮೇಲೆ ಅದೇ ಹೈದರ್, ಪುಣೆಯ ನಾನಾ ಫಡ್ನವೀಸ್ ಮತ್ತು ಹೈದರಾಬಾದಿನ ನಿಜಾಮ ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಕೈಜೋಡಿಸಿದರು. ಮೂವರಿಗೂ ಕಂಪನಿಯ ಮೇಲೆ ಸಿಟ್ಟಿಗೆ ಕಾರಣವಿತ್ತು. ಹೈದರ್ ಪೊಳ್ಳಿಲೂರಿನಲ್ಲಿ ಕಂಪನಿಯ ಸೇನೆಗೆ ಅದು ಅದುವರೆಗೆ ಕಾಣದ ಸೋಲುಣಿಸಿದ. ಆದರೆ ಆ ಮೈತ್ರಿಗೆ ಒಂದು ಕಚೇರಿ ಇರಲಿಲ್ಲ, ಒಂದು ಬೊಕ್ಕಸ ಇರಲಿಲ್ಲ, ಬಿಟ್ಟುಹೋದವನಿಗೆ ಬೀಳುವ ದಂಡವೂ ಇರಲಿಲ್ಲ. ವಾರನ್ ಹೇಸ್ಟಿಂಗ್ಸ್ ಗುಂಟೂರನ್ನು ಮರಳಿಸಿ ನಿಜಾಮನನ್ನು ಬಿಡಿಸಿದ, ಸಿಂಧಿಯಾನನ್ನು ಒಲಿಸಿಕೊಂಡ, 1782ರ ಮೇ 17ರಂದು ಸಾಲ್ಬಾಯ್ ಒಪ್ಪಂದದಲ್ಲಿ ಮರಾಠರನ್ನೇ ಬಿಡಿಸಿಕೊಂಡ. ಹೈದರ್ ಗೆದ್ದ ನೆಲವನ್ನು ಅವನಿಂದ ಬಿಡಿಸಿಕೊಡುವ ಹೊಣೆಯನ್ನೂ ಪೇಶ್ವೆಯ ತಲೆಗೆ ಕಟ್ಟಿದ. 1790ರಲ್ಲಿ ಮರಾಠರೂ ನಿಜಾಮನೂ ಕಂಪನಿಯ ಜೊತೆ ಸೇರಿ ಟಿಪ್ಪುವಿನ ಮೇಲೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ನಾಲ್ಕು ವರ್ಷದ ಮೇಲೆ ಕಂಪನಿಯ ತೋಪುಗಳು ಮರಾಠರತ್ತ ತಿರುಗಿದವು, 1818ಕ್ಕೆ ಪೇಶ್ವೆಯ ಆಳ್ವಿಕೆಯೂ ಮುಗಿಯಿತು. ನಾನಾ ಫಡ್ನವೀಸ್ ದಡ್ಡನಲ್ಲ, ಹೈದರ್ ದಡ್ಡನಲ್ಲ. ಹಿತ ಯಾವುದೆಂದು ಇಬ್ಬರಿಗೂ ಗೊತ್ತಿತ್ತು. ಇವತ್ತಿನ ಹಿತವನ್ನು ನಾಳೆಗೂ ಹಿಡಿದಿಡುವ ವ್ಯವಸ್ಥೆ ಮಾತ್ರ ಅವರ ಬಳಿ ಇರಲಿಲ್ಲ.

ಶೂಮನ್ ಮತ್ತು ಅಡೆನಾವರ್ ಸಹಿ ಹಾಕಿದ ಒಪ್ಪಂದದ ಅವಧಿ ಐವತ್ತು ವರ್ಷ. ಅದರಲ್ಲಿ ಹೊರಹೋಗುವ ಕಲಮೇ ಇರಲಿಲ್ಲ.

ಪರೀಕ್ಷೆಗಳು

ಹಿಡಿದಿಡುವ ಆ ವ್ಯವಸ್ಥೆಗೆ ಬೇಗನೇ ಪೆಟ್ಟು ಬಿದ್ದವು. ಕಲ್ಲಿದ್ದಲಿನಂತೆ ಸೇನೆಯನ್ನೂ ಒಂದುಗೂಡಿಸೋಣ ಎಂಬ ಫ್ರಾನ್ಸಿನದೇ ಪ್ರಸ್ತಾಪವನ್ನು 1954ರ ಆಗಸ್ಟ್ 30ರಂದು ಫ್ರೆಂಚ್ ಸಂಸತ್ತೇ ತಿರಸ್ಕರಿಸಿತು. ಜರ್ಮನ್ನರ ಕೈಗೆ ಮತ್ತೆ ಬಂದೂಕು ಕೊಡುವಷ್ಟು ನಂಬಿಕೆ ಹುಟ್ಟಿರಲಿಲ್ಲ. ನನ್ನ ಪ್ರಕಾರ ಈ ಸೋಲು ಬಹಳ ಕಲಿಸುವಂಥದ್ದು: ಕಲ್ಲಿದ್ದಲಿನಲ್ಲಿ ಗೆದ್ದೆವೆಂದು ಎಲ್ಲದರಲ್ಲೂ ಗೆಲ್ಲುತ್ತೇವೆ ಎಂದುಕೊಳ್ಳುವ ಹಾಗಿಲ್ಲ.

ಸಾರ್ ಪ್ರಶ್ನೆ ಇನ್ನೂ ಕಠಿಣ. ಯುದ್ಧದ ನಂತರ ಫ್ರಾನ್ಸ್ ಆ ಗಣಿ ಸೀಮೆಯನ್ನು ಜರ್ಮನಿಯಿಂದ ಬೇರ್ಪಡಿಸಿ ತನ್ನ ಆರ್ಥಿಕ ವ್ಯವಸ್ಥೆಗೆ ಜೋಡಿಸಿಕೊಂಡಿತ್ತು. 1955ರ ಅಕ್ಟೋಬರ್ 23ರಂದು ಅಲ್ಲಿನ ಜನರ ಮುಂದೆ ಯುರೋಪಿನ ಆಶ್ರಯದ ಪ್ರತ್ಯೇಕ ಸ್ಥಾನಮಾನದ ಪ್ರಸ್ತಾಪ ಬಂತು, ಶೇ 67.7 ಮಂದಿ ಬೇಡವೆಂದರು. ಮೂವತ್ತು ವರ್ಷ ಹಿಂದಾಗಿದ್ದರೆ ಸೇನೆ ಜಮಾಯಿಸುತ್ತಿತ್ತು. ಈ ಸಲ ಫ್ರಾನ್ಸ್ ಲೆಕ್ಕಪತ್ರ ತೆಗೆಯಿತು. ಸಾರ್ ಜರ್ಮನಿಗೆ ಹೋಗಲಿ, ಪ್ರತಿಯಾಗಿ ವರ್ಷಾನುಗಟ್ಟಲೆ ಸಾರ್ ಕಲ್ಲಿದ್ದಲಿನ ಪೂರೈಕೆ ಖಾತ್ರಿಯಾಗಬೇಕು, ಲೊರೇನ್ ಉಕ್ಕಿಗೆ ರೈನ್ ನದಿಯ ದಾರಿ ಸಿಗುವಂತೆ ಮೊಸೆಲ್ ನದಿಯನ್ನು ದೊಡ್ಡ ದೋಣಿಗಳು ಓಡಾಡುವ ಹಾಗೆ ಮಾಡಬೇಕು. 1957ರ ಜನವರಿ 1ರಂದು ಸಾರ್ ಜರ್ಮನಿಗೆ ಸೇರಿತು. 1964ರಲ್ಲಿ ಮೊಸೆಲ್ ಜಲಮಾರ್ಗ ತೆರೆಯಿತು. ಗಡಿಯ ಒಂದು ತುಂಡು ಒಂದೂ ಗುಂಡು ಹಾರದೆ ಕೈಬದಲಾಯಿತು. ಆ ಎರಡು ದೇಶಗಳ ಚರಿತ್ರೆ ಬಲ್ಲವರಿಗೆ ಇದು ಎಷ್ಟು ದೊಡ್ಡ ಮಾತೆಂದು ತಿಳಿದೀತು.

ಇನ್ನೊಂದು ಸಂಗತಿಯನ್ನು ಮುಚ್ಚಿಡಬಾರದು. ರೈನ್ ದಂಡೆಯಲ್ಲಿ ಶಾಂತಿ ಮೂಡುತ್ತಿದ್ದ ವರ್ಷಗಳಲ್ಲೇ ಫ್ರಾನ್ಸ್ ವಿಯೆಟ್ನಾಮಿನಲ್ಲೂ ಅಲ್ಜೀರಿಯಾದಲ್ಲೂ ರಕ್ತ ಹರಿಸುತ್ತಿತ್ತು. ಸಮಾನರ ನಡುವಿನ ಈ ಹೊಸ ಧರ್ಮ ವಸಾಹತುಗಳಿಗೆ ಅನ್ವಯಿಸಲಿಲ್ಲ.

ಡಿ ಗಾಲ್ 1958ರಲ್ಲಿ ಮತ್ತೆ ಅಧಿಕಾರಕ್ಕೆ ಬಂದಾಗ ಎಲ್ಲ ಮುಗಿಯಿತೆಂದೇ ಹಲವರು ಅಂದುಕೊಂಡರು. ಕಲ್ಲಿದ್ದಲು ಮತ್ತು ಉಕ್ಕು ಸಮುದಾಯವನ್ನು ಅವರು ಬಹಿರಂಗವಾಗಿ ಹಳಿದಿದ್ದರು. ಆದರೆ ಆ ಸೆಪ್ಟೆಂಬರ್‌ನಲ್ಲಿ ಅಡೆನಾವರ್ ಅವರನ್ನು ಹಳ್ಳಿಯ ತಮ್ಮ ಸ್ವಂತ ಮನೆಗೇ ಕರೆಸಿ ಉಳಿಸಿಕೊಂಡರು. ಬೇರೆ ಯಾವ ವಿದೇಶಿ ನಾಯಕನಿಗೂ ಆ ಗೌರವ ಸಿಗಲಿಲ್ಲ. 1962ರ ಜುಲೈನಲ್ಲಿ ಇಬ್ಬರೂ ರಾನ್ಸ್ ನಗರದ ಚರ್ಚಿನಲ್ಲಿ ಒಟ್ಟಿಗೆ ಪ್ರಾರ್ಥನೆಗೆ ನಿಂತರು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಫಿರಂಗಿಗಳು ಸುಟ್ಟಿದ್ದ ಚರ್ಚು ಅದು. 1963ರ ಜನವರಿ 22ರ ಎಲಿಸೆ ಒಪ್ಪಂದದಂತೆ ಎರಡೂ ಸರ್ಕಾರಗಳು ವರ್ಷಕ್ಕೆ ಇಷ್ಟು ಸಲ ಭೇಟಿಯಾಗಲೇಬೇಕು, ಮನಸ್ಸಿದ್ದರೂ ಇಲ್ಲದಿದ್ದರೂ. ಅದೇ ವರ್ಷ ಹುಟ್ಟಿದ ಯುವ ವಿನಿಮಯ ಕಚೇರಿ ಅಂದಿನಿಂದ ಲಕ್ಷಾಂತರ ಹುಡುಗ ಹುಡುಗಿಯರನ್ನು ಆಚೆ ಈಚೆ ಕಳಿಸಿದೆ. 1984ರಲ್ಲಿ ಫ್ರಾನ್ಸಿನ ಅಧ್ಯಕ್ಷ ಮಿತ್ತರಾಂ ಮತ್ತು ಜರ್ಮನ್ ಚಾನ್ಸಲರ್ ಹೆಲ್ಮುಟ್ ಕೋಲ್ ಮೊದಲ ಮಹಾಯುದ್ಧದ ವರ್ದಂ ರಣರಂಗದಲ್ಲಿ ಕೈ ಕೈ ಹಿಡಿದು ನಿಂತ ಚಿತ್ರವನ್ನು ಜಗತ್ತೇ ನೋಡಿತು. ಕೋಲ್ ಅವರ ತಂದೆ ಅಲ್ಲಿ ಕಾದಿದ್ದವರು. ಮಿತ್ತರಾಂ 1940ರಲ್ಲಿ ಅದೇ ಸೀಮೆಯಲ್ಲಿ ಗಾಯಗೊಂಡವರು. 2006ರಿಂದ ಎರಡೂ ದೇಶಗಳ ಪ್ರೌಢಶಾಲೆಗಳಿಗೆ ಒಂದೇ ಇತಿಹಾಸ ಪಠ್ಯಪುಸ್ತಕ ಎರಡು ಭಾಷೆಯಲ್ಲಿ ಬರತೊಡಗಿತು. ಆ ಒಂದು ಪುಸ್ತಕಕ್ಕೆ 1950ರಿಂದ ಐವತ್ತಾರು ವರ್ಷ ಬೇಕಾಯಿತು. ಒಲವು ಮೊದಲು, ವ್ಯವಹಾರ ಆಮೇಲೆ ಎಂದು ಕಾದಿದ್ದರೆ ಅದು ಇಂದಿಗೂ ಅಚ್ಚಾಗುತ್ತಿರಲಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ಇಷ್ಟಕ್ಕೂ ಅವರನ್ನು ಒಂದುಗೂಡಿಸಿದ ಕಲ್ಲಿದ್ದಲಿನ ಗತಿ ಏನಾಯಿತು? 1958ರಲ್ಲೇ ಅಗ್ಗದ ತೈಲ, ಆಮದು ಕಲ್ಲಿದ್ದಲು ಬಂದು ಗಣಿಗಳ ಮುಂದೆ ಮಾರಾಟವಾಗದ ರಾಶಿ ಬೆಳೆಯಿತು. ಉತ್ಪಾದನೆಗೆ ಮಿತಿ ಹಾಕುತ್ತೇನೆಂದು ಹೊರಟ ಉನ್ನತ ಪ್ರಾಧಿಕಾರದ ಮಾತನ್ನು ಮರುವರ್ಷ ದೊಡ್ಡ ದೇಶಗಳು ಕೇಳಲಿಲ್ಲ. ಕಲ್ಲಿದ್ದಲಿನ ಮಟ್ಟಿಗೆ ನೋಡಿದರೆ ಆ ಸಮುದಾಯ ಅರ್ಧ ಸೋತಿತು. ಲೊರೇನ್‌ನ ಕೊನೆಯ ಕಬ್ಬಿಣದ ಗಣಿ 1997ರಲ್ಲಿ ಮುಚ್ಚಿತು. ಒಪ್ಪಂದದ ಐವತ್ತು ವರ್ಷ 2002ರ ಜುಲೈ 23ಕ್ಕೆ ತುಂಬಿತು. ಫ್ರಾನ್ಸಿನ ಕೊನೆಯ ಕಲ್ಲಿದ್ದಲು ಗಣಿ 2004ರಲ್ಲಿ ನಿಂತಿತು, ಜರ್ಮನಿಯ ಭೂಗತ ಕಲ್ಲಿದ್ದಲಿನ ಕೊನೆಯ ಗಣಿ 2018ರ ಡಿಸೆಂಬರ್‌ನಲ್ಲಿ ರೂರ್‌ನ ಬಾಟ್ರೋಪ್‌ನಲ್ಲಿ ಮುಚ್ಚಿತು. ಅದಾಗಿ ಒಂದು ತಿಂಗಳಿಗೆ ಎರಡೂ ದೇಶಗಳ ನಾಯಕರು ಆಕನ್ ನಗರದಲ್ಲಿ ಹೊಸ ಒಪ್ಪಂದಕ್ಕೆ ಸಹಿ ಹಾಕಿದರು: ಒಬ್ಬರ ನೆಲದ ಮೇಲೆ ದಾಳಿಯಾದರೆ ಇನ್ನೊಬ್ಬರು ನೆರವಿಗೆ ಬರಬೇಕು. ಇವತ್ತೂ ಅಣುವಿದ್ಯುತ್ತು, ಬಜೆಟ್ಟು, ಯುದ್ಧವಿಮಾನ ಎಂದು ಅವರು ಜಗಳವಾಡುತ್ತಲೇ ಇರುತ್ತಾರೆ. ಆ ಜಗಳ ನಡೆಯುವುದು ಸಭೆಯ ಕೊಠಡಿಯಲ್ಲಿ.

ನಮ್ಮ ಉಪಖಂಡದಲ್ಲೂ ಇಂಥದೇ ಅವಕಾಶ ಒಂದು ಬಾಗಿಲಿಗೆ ಬಂದಿತ್ತು. 1951ರಲ್ಲಿ ಅಮೆರಿಕದ ಡೇವಿಡ್ ಲಿಲಿಯೆಂಥಾಲ್, ಸಿಂಧೂ ಕಣಿವೆಯ ನದಿಗಳನ್ನು ಭಾರತ ಮತ್ತು ಪಾಕಿಸ್ತಾನ ಒಂದೇ ಘಟಕವಾಗಿ ಸೇರಿ ನಿರ್ವಹಿಸಬೇಕೆಂಬ ಸಲಹೆ ಮುಂದಿಟ್ಟಿದ್ದರು. ವಿಶ್ವಬ್ಯಾಂಕ್ ನಡುವೆ ನಿಂತು ಒಂಬತ್ತು ವರ್ಷ ಮಾತುಕತೆ ನಡೆಸಿತು. 1960ರ ಸೆಪ್ಟೆಂಬರ್ 19ರಂದು ಕರಾಚಿಯಲ್ಲಿ ನೆಹರೂ ಮತ್ತು ಅಯೂಬ್ ಖಾನ್ ಸಹಿ ಹಾಕಿದ ಒಪ್ಪಂದದಲ್ಲಿ ಜಂಟಿ ನಿರ್ವಹಣೆ ಇರಲಿಲ್ಲ. ರಾವಿ, ಬಿಯಾಸ್, ಸಟ್ಲೆಜ್ ನಮಗೆ, ಸಿಂಧೂ, ಝೇಲಂ, ಚೆನಾಬ್ ಬಹುಪಾಲು ಅವರಿಗೆ ಎಂದು ನದಿಗಳನ್ನೇ ಪಾಲು ಮಾಡಲಾಯಿತು. ವಿಭಜನೆಯ ಗಾಯ ಹಸಿಯಾಗಿದ್ದ ಕಾಲದಲ್ಲಿ ಅದಕ್ಕಿಂತ ಹೆಚ್ಚು ಸಾಧ್ಯವಿತ್ತೆಂದು ಹೇಳುವ ಧೈರ್ಯ ನನಗಿಲ್ಲ, ಆ ಒಪ್ಪಂದ ಮೂರು ಯುದ್ಧಗಳನ್ನು ದಾಟಿ ಉಳಿದದ್ದು ಸಣ್ಣ ಸಂಗತಿಯೂ ಅಲ್ಲ. ಆದರೆ ದಿನಬೆಳಗಾದರೆ ಇಬ್ಬರ ಎಂಜಿನಿಯರುಗಳು ಒಂದೇ ಕಚೇರಿಯಲ್ಲಿ ಕೂತು, ಒಂದೇ ಬೊಕ್ಕಸದಿಂದ ಖರ್ಚು ಮಾಡಿ, ಒಂದೇ ನ್ಯಾಯಾಲಯಕ್ಕೆ ಉತ್ತರಿಸುವ ಕಟ್ಟಡ ಅಲ್ಲಿ ಏಳಲೇ ಇಲ್ಲ. ಪಹಲ್ಗಾಮ್‌ನಲ್ಲಿ ಪ್ರವಾಸಿಗರ ಹತ್ಯೆ ನಡೆದ ಮೇಲೆ, 2025ರ ಏಪ್ರಿಲ್‌ನಲ್ಲಿ ಭಾರತ ಆ ಒಪ್ಪಂದವನ್ನು ಅಮಾನತಿನಲ್ಲಿಟ್ಟಿತು.